ಹರಾರಿನಲ್ಲಿ ಶುಕ್ರವಾರದ ಹಿಂದಿ ಸಿನೆಮಾ

ದಿರೆ ದವಾ

ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟಿದ್ದೆವಷ್ಟೆ, ಟ್ಯಾಕ್ಸಿಯವನೊಬ್ಬ ನನ್ನ ಹಣೆಯ ವಿಭೂತಿ, ಕುಂಕುಮ ನೋಡಿ ಎರಡೂ ಕೈ ಅಗಲಿಸಿ ಹಾಡಲು ಶುರುಮಾಡಿದ. ಹಿಂದಿ ಹಾಡು. ಪಲ್ಲವಿ, ಚರಣ, ನಡುವೆ ಬರುವ ಕೊಳಲನ್ನೂ ಬಾಯಲ್ಲೇ ಊದಿದ. ಮುಗಿಸಿ, ಇನ್ನು ನಿನ್ನ ಸರದಿ ಎಂಬಂತೆ ನನ್ನ ಮುಖ ನೋಡಿದ. ನಾನು ಗೋಣಿಬೀಡಿನವಳು. ನಮ್ಮ ಕಡೆ ಸೋಬಾನೆ ಹೇಳುವ ಅಜ್ಜಿಯರೇ ಹತ್ತು ಸಲ ಹೇಳಿಸಿಕೊಂಡು ಬಾಯಿ ಬಿಡುವುದು. ನಾನು ಸೆರಗು ಸರಿಮಾಡಿಕೊಂಡು ವ್ಯಾನು ಹತ್ತಿದೆ. ಅವನ ಮುಖ ಬಾಡಿಹೋಯಿತು.

ಮೊದಲೇ ಹೇಳಿಬಿಡುತ್ತೇನೆ, ಹಿಂದಿ ಸಿನೆಮಾ ಎಂದರೆ ನನಗೆ ಅಷ್ಟಕ್ಕಷ್ಟೆ. ಚಿಕ್ಕವಳಿದ್ದಾಗ ಭಾನುವಾರ ಸಂಜೆ ಊರಿನ ಒಂದೇ ಟಿವಿಯ ಮುಂದೆ ನೆಲದ ಮೇಲೆ ಕೂತು ನೋಡಿದ್ದುಂಟು. ಯಾರಿಗೂ ಭಾಷೆ ಬರುತ್ತಿರಲಿಲ್ಲ. ವಸ್ತಾರೆಯ ಚಿಕ್ಕಮ್ಮ ಬಂದಿದ್ದರೆ ಅವರೇ ನಮಗೆಲ್ಲ ಕತೆ ಹೇಳುತ್ತಿದ್ದರು. ಅವರಿಗೂ ಹಿಂದಿ ಬರುತ್ತಿರಲಿಲ್ಲ, ಧೈರ್ಯ ಇತ್ತು. ಆಮೇಲೆ ನಾನು ಶಾಲೆಯಲ್ಲಿ ಹಿಂದಿ ಕಲಿತು, ಎರಡು ಪರೀಕ್ಷೆ ಕಟ್ಟಿ ಪಾಸಾಗಿ, ಆಡಲು ನಾಲಿಗೆ ತಿರುಗದಿದ್ದರೂ ಮಾತು ಅರ್ಥವಾಗತೊಡಗಿದ ಮೇಲೆ ಇದ್ದ ಆಸೆಯೂ ಹೋಯಿತು. ಬಾಗಿಲು ತೆಗೆದರೆ ಬಿರುಗಾಳಿ, ಹಾಕಿದರೆ ಸಿಡಿಲು. ತಾಯಿ ಒಂದು ಸಲ ಕೆಮ್ಮಿದಳೆಂದರೆ ಮಗ ಊರಿಗೆ ಬರುವುದರೊಳಗೆ ಸಾಯುವುದು ಗ್ಯಾರಂಟಿ. ಇದಕ್ಕೆಲ್ಲ ಅಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ನಾವು ಬಂದದ್ದು ಸಿನೆಮಾ ನೋಡಲಿಕ್ಕಲ್ಲ, ಕಾಫಿ ನೋಡಲಿಕ್ಕೆ. ಮೂಡಿಗೆರೆ, ಕಳಸ ಕಡೆಯ ಬೆಳೆಗಾರರದೊಂದು ಗುಂಪು ಇಥಿಯೋಪಿಯಾಕ್ಕೆ ಹೊರಟಿತ್ತು. ನಮ್ಮ ಬಾಬಾಬುಡನ್‌ಗಿರಿಗೆ ಬೀಜ ಬಂದದ್ದು ಯೆಮನಿನಿಂದ, ಯೆಮನಿಗೆ ಹೋದದ್ದು ಈ ಸೀಮೆಯಿಂದ. "ಕಾಫಿಯ ತವರುಮನೆ ಕಣೇ, ಒಂದ್ಸಲನಾದ್ರೂ ನೋಡದೆ ಹೆಂಗೆ?" ಎಂದರು ನಮ್ಮನೆಯವರು. ತವರುಮನೆಗೆ ಗಂಡಸೊಬ್ಬನೇ ಹೋಗುವ ಪದ್ಧತಿ ಎಲ್ಲಿದೆ ಎಂದು ನಾನೂ ಸೀರೆ ಮಡಿಸಿಟ್ಟುಕೊಂಡೆ.

ಹರಾರ್, ಕಲ್ಲುಹಾದಿ

ಹರಾರ್ ಕೋಟೆಯೊಳಗಿನ ಹಳೆಯ ಊರು. ಓಣಿಗಳು ಎಷ್ಟು ಸಣ್ಣವೆಂದರೆ ಎದುರಿಗೆ ಕತ್ತೆ ಬಂದರೆ ನಾವು ಗೋಡೆಗೆ ಅಂಟಿಕೊಳ್ಳಬೇಕು. ಗೋಡೆಗಳಿಗೆ ಹಸಿರು, ಗುಲಾಬಿ, ನೀಲಿ ಬಣ್ಣ. ಹೆಂಗಸರ ಶಾಲುಗಳೂ ಹಾಗೇ, ಒಂದಕ್ಕಿಂತ ಒಂದು ಗಾಢ. ನಮ್ಮ ಕಡೆ ಎಸ್ಟೇಟಿನ ಹೆಂಗಸರು ಶುಕ್ರವಾರದ ಸಂತೆಗೆ ಹೊರಟಾಗ ರಸ್ತೆಗೆ ಒಂದು ಕಳೆ ಬರುತ್ತದಲ್ಲ, ಇಲ್ಲಿ ಅದು ದಿನವೂ ಇದೆ.

ಮಕ್ಕಳು "ಇಂದಿಯಾ! ಇಂದಿಯಾ!" ಎಂದು ಕೂಗಿಕೊಂಡು ಹಿಂದೆ ಬಂದರು. ಒಬ್ಬಳು ಹುಡುಗಿ ಸೊಂಟಕ್ಕೆ ಕೈಯಿಟ್ಟು ಕುಣಿದು ತೋರಿಸಿದಳು. ಬಟ್ಟೆ ಅಂಗಡಿಯವನು ಹೊರಗೆ ಬಂದು ಹಿಂದಿಯಲ್ಲಿ ಏನೋ ಕೇಳಿದ. ನಾನು ಇಂಗ್ಲಿಷಿನಲ್ಲಿ, ನಮ್ಮ ಮಾತು ಕನ್ನಡ ಎಂದೆ. "ಅದು ಹಿಂದಿಯ ಯಾವ ಥರ?" ಎಂದ. ನನಗೆ ರೇಗಿತು. ಅದು ಹಿಂದಿಯ ಯಾವ ಥರವೂ ಅಲ್ಲ, ಅದರ ವಯಸ್ಸೆಷ್ಟು ಗೊತ್ತೇನು ಎಂದು ತಿರುಗಿ ಹೇಳುವ ಭರದಲ್ಲಿ ನೆಲ ನೋಡಲಿಲ್ಲ. ನುಣುಪು ಕಲ್ಲಿನ ಮೇಲೆ ಕಾಲು ಜಾರಿ, ಕನ್ನಡದ ಮಾನದ ಜೊತೆಗೆ ನನ್ನ ಪಾದವೂ ಉಳುಕಿತು.

ಅಂಗಡಿಯವನೇ ಓಡಿಬಂದು ಎತ್ತಿದ, ಕುರ್ಚಿ ಕೊಟ್ಟ, ನೀರು ಕೊಟ್ಟ. ಅವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದಾದರೂ ಹೇಗೆ! ನಮ್ಮ ಗುಂಪಿನ ಹಿರಿಯರಾದ ಕಳಸದ ಪುಟ್ಟೇಗೌಡರು ಪಾದ ಮುಟ್ಟಿ ನೋಡಿ ತೀರ್ಪು ಕೊಟ್ಟರು. "ಮೂಳೆಗೆ ಎಂತದೂ ಆಗಿಲ್ಲ ಅಮ್ಮಾರೆ. ನೀವು ಕಾಲು ಎತ್ತಿಟ್ಕಂಡು ಮನೇಲಿ ಕೂತ್ಕಳಿ. ತೋಟ ನಾವು ನೋಡ್ಕ ಬರ್ತೀವಿ."

ಅಷ್ಟು ದೂರ ಹಾರಿ ಬಂದು ಕಾಫಿ ಗಿಡ ನೋಡದೆ ಕೂರುವುದು! ನಮ್ಮನೆಯವರು "ಫೋಟೋ ತಂದು ತೋರಿಸ್ತೀನಿ ಮಾರಾಯ್ತಿ" ಎಂದಾಗ ಉಳುಕಿದ ಕಾಲಿಗಿಂತ ಅದೇ ಹೆಚ್ಚು ನೋಯಿತು.

ಅಮೀನಾಳ ಮನೆ

ನಾವು ಇಳಿದುಕೊಂಡಿದ್ದು ಅಮೀನಾ ಎಂಬ ಹೆಂಗಸಿನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಹಿಂದಿನ ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟಿದ್ದಳು. ಗುಂಡುಮುಖ, ತಮಾಷೆಯ ಕಣ್ಣು, ನನ್ನದೇ ವಯಸ್ಸು. ಮಗಳು ನೂರಿಯಾ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಅವಳಿದ್ದುದರಿಂದ ನನಗೆ ಬಾಯಿ ಬಂತು.

ಹರಾರಿನ ಮನೆ ಎಂದರೆ ಮುಖ್ಯವಾಗಿ ಒಂದೇ ದೊಡ್ಡ ಕೋಣೆ. ನಮ್ಮ ಜಗಲಿಯಂಥ ಕಟ್ಟೆಗಳು ಒಳಗಡೆಯೇ ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ, ಮೇಲೆ ಕೆಂಪು ಜಮಖಾನೆ. ಹಿರಿಯರಿಗೆ ಎತ್ತರದ ಕಟ್ಟೆ, ಕಿರಿಯರಿಗೆ ತಗ್ಗಿನದು. ಗೋಡೆಯ ತುಂಬ ಹುಲ್ಲಿನಲ್ಲಿ ಹೆಣೆದ ಬಣ್ಣದ ಬುಟ್ಟಿಗಳು ತೂಗುತ್ತಿದ್ದವು. ಅವೆಲ್ಲ ತನ್ನ ತಾಯಿ ಹೆಣೆದದ್ದೆಂದು ಅಮೀನಾ ಬೆರಳು ಮಾಡಿ ತೋರಿಸಿದಳು. ಬುಟ್ಟಿಗಳ ನಡುವೆ ಒಂದು ದೊಡ್ಡ ಟಿವಿ. ಅದಕ್ಕೂ ಕಸೂತಿ ಬಟ್ಟೆ ಹೊದಿಸಿದ್ದರು.

ಮರುದಿನ ಬೆಳಿಗ್ಗೆ ಎಲ್ಲರೂ ಎರಡು ದಿನದ ಮಟ್ಟಿಗೆ ತೋಟಗಳ ಕಡೆ ಹೋದ ಮೇಲೆ ಅಮೀನಾ ನನಗೆ ಕುಡಿಯಲು ಏನೋ ತಂದುಕೊಟ್ಟಳು. ಹಾಲು ಹಾಕಿದ್ದಳು, ಉಪ್ಪು ಹಾಕಿದ್ದಳು, ಪರಿಮಳ ಮಾತ್ರ ಎಲ್ಲೋ ಮೂಸಿದಂಥದು. ಏನಿದು ಎಂದರೆ, ಕಾಫಿಹಣ್ಣಿನ ಒಣಸಿಪ್ಪೆಯಂತೆ! ನಮ್ಮಲ್ಲಿ ಹಣ್ಣು ಸುಲಿಯುವ ಪಲ್ಪರಿನಿಂದ ಬಿದ್ದ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಎಳೆಯುತ್ತೇವೆ. ಇಲ್ಲಿ ಬೀಜವನ್ನು ಮಾರಿ, ಸಿಪ್ಪೆಯನ್ನು ಕುದಿಸಿ, ಎಲೆಯನ್ನೂ ಬಿಡದೆ ಕಷಾಯ ಮಾಡಿ ಕುಡಿಯುತ್ತಾರೆ. ಎರಡನೇ ಗುಟುಕಿಗೆ ಹಿತವೆನಿಸಿತು. ಇಷ್ಟು ವರ್ಷ ನಮ್ಮ ಗುಂಡಿಗೆ ಏನೆಲ್ಲ ಸುರಿದಿದ್ದೇವಪ್ಪ ಎಂದು ಬೇಸರವೂ ಆಯಿತು.

ನೂರಿಯಾ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತ, "ನೀವು ಇಲ್ಲೇ ಉಳಿದದ್ದು ಒಳ್ಳೇದೇ ಆಯ್ತು. ನಾಳೆ ಶುಕ್ರವಾರ, ಸಿನೆಮಾ ಇದೆ" ಎಂದಳು.

ಶುಕ್ರವಾರ ನಮಾಜು, ಊಟ ಮುಗಿದ ಮೇಲೆ ಓಣಿಯ ಹೆಂಗಸರೆಲ್ಲ ಈ ಮನೆಯಲ್ಲಿ ಸೇರುತ್ತಾರೆ. ಹಿಂದಿ ಸಿನೆಮಾ ಹಾಕುತ್ತಾರೆ. ಅಮೀನಾ ಟಿವಿಯ ಪಕ್ಕ ಕೂತು ಹರಾರಿ ಮಾತಿನಲ್ಲಿ ಎಲ್ಲರಿಗೂ ಕತೆ ಹೇಳುತ್ತಾಳೆ. ಅವಳು ಹಿಂದಿ ಕಲಿತದ್ದು ಎಳವೆಯಲ್ಲಿ ಊರಿನ ಟಾಕೀಸಿನಲ್ಲಿ, ತಾಯಿಯ ಮಗ್ಗುಲಲ್ಲಿ ಕೂತು. ನಡುನಡುವೆ ಕಾಫಿ. ಇಲ್ಲಿ ಕಾಫಿ ಎಂದರೆ ಬಂದವರ ಎದುರೇ ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕಾಯಿಸಿ ಮೂರು ಸುತ್ತು ಕೊಡುವುದು. ಒಂದೇ ಪುಡಿಗೆ ಮತ್ತೆ ಮತ್ತೆ ನೀರು ಹೊಯ್ಯುವುದರಿಂದ ಮೂರನೆಯದು ನಮ್ಮ ಲೆಕ್ಕದಲ್ಲಿ ಬಟ್ಟಲು ತೊಳೆದ ನೀರು. ಆದರೆ ಅದರ ಹೆಸರು 'ಬರಕಾ', ಆಶೀರ್ವಾದ. ಅದನ್ನು ಕುಡಿಯದೆ ಎದ್ದುಹೋದರೆ ಈ ಮನೆಯ ಋಣ ನನಗೆ ಬೇಡ ಎಂದ ಹಾಗೆ. ನಮ್ಮ ಬಾಬಾಬುಡನ್‌ಗಿರಿಯ ದರ್ಗಾದಲ್ಲಿ ಸಕ್ಕರೆ ಕೈಗೆ ಹಾಕುತ್ತ ಮುಜಾವರರು ಇದೇ 'ಬರಕಾ' ಎಂಬ ಮಾತು ಹೇಳುವುದನ್ನು ನಾನು ಕೇಳಿದ್ದೇನೆ.

"ದೊಡ್ಡಮ್ಮ ಮಾತ್ರ ಎರಡನೇ ಬಟ್ಟಲು ಕುಡಿದು ಎದ್ದು ಹೋಗ್ತಾಳೆ. ವರ್ಷಗಳೇ ಆದವು" ಎಂದಳು ನೂರಿಯಾ.

ದೊಡ್ಡಮ್ಮ ಎಂದರೆ ಅಮೀನಾಳ ಅಕ್ಕ ಹವಾ. ಎರಡು ಮನೆ ಆಚೆ ಇರುವುದು. ತಾಯಿ ಈ ಮನೆಯಲ್ಲಿ ಹಾಸಿಗೆ ಹಿಡಿದಾಗ ಹವಾ ತನ್ನ ಮಗಳ ಬಾಣಂತನಕ್ಕೆಂದು ದಿರೆ ದವಾದಲ್ಲಿದ್ದಳು. ಬಸ್ಸು ಹತ್ತಿದರೆ ಬೆಟ್ಟ ಇಳಿಯುವಷ್ಟು ದಾರಿ, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋದಂತೆ. ಅಮೀನಾ ಹೇಳಿ ಕಳಿಸಲಿಲ್ಲ. ಸುದ್ದಿ ಮುಟ್ಟಿ ಹವಾ ಓಡಿಬಂದಾಗ ಮಣ್ಣು ಮಾಡಿ ಎಲ್ಲರೂ ಮನೆಗೆ ವಾಪಸಾಗಿದ್ದರು. ತಾಯಿಯ ಮುಖ ಅವಳಿಗೆ ನೋಡಲು ಸಿಗಲಿಲ್ಲ. ಅಂದಿನಿಂದ ಅಕ್ಕತಂಗಿಯರ ನಡುವೆ ಒಂದೂ ಮಾತಿಲ್ಲ.

"ಯಾಕೆ ಹೇಳಿ ಕಳಿಸಲಿಲ್ಲ ಅಂತ ಅಮ್ಮ ಇವತ್ತಿಗೂ ಬಾಯಿ ಬಿಟ್ಟಿಲ್ಲ. ದೊಡ್ಡಮ್ಮ ಕೇಳಿಯೂ ಇಲ್ಲ. ಆದರೂ ಪ್ರತಿ ಶುಕ್ರವಾರ ಬರ್ತಾಳೆ. ತನ್ನ ಮನೆಯ ಟಿವಿ ಚಿಕ್ಕದು ಅಂತಾಳೆ. ನಮ್ಮದಕ್ಕಿಂತ ಅವಳದೇ ದೊಡ್ಡದು."

ನನಗೆ ನಗು ಬಂತು. ನೂರಿಯಾ ನಗಲಿಲ್ಲ. "ಬರುವ ವಾರ ಅವಳು ಮನೆ ಖಾಲಿ ಮಾಡಿ ಮಗಳ ಹತ್ತಿರವೇ ಇರಲಿಕ್ಕೆ ಹೋಗ್ತಾಳೆ. ನಾಳೆಯೂ ಮೂರನೆಯದು ಕುಡಿಯದೆ ಎದ್ದಳೆಂದರೆ ಮುಗೀತು. ಅಮ್ಮ ಈ ವಾರ ಸರಿಯಾಗಿ ಊಟ ಮಾಡಿಲ್ಲ" ಎಂದಳು.

ಶುಕ್ರವಾರ

ಮಧ್ಯಾಹ್ನ ಕೋಣೆ ತುಂಬಿತು. ನೆಲಕ್ಕೆ ಹಸಿ ಹುಲ್ಲು ಹರಡಿ, ಧೂಪ ಹಾಕಿ, ಜೋಳದ ಅರಳಿನ ಬುಟ್ಟಿ ಇಟ್ಟಿದ್ದರು. ನನ್ನನ್ನು ಇಂಡಿಯಾದವಳೆಂದು ದಿಂಬು ಕೊಟ್ಟು, ಕಾಲಿಗೆ ಇನ್ನೊಂದು ದಿಂಬು ಕೊಟ್ಟು ಮೇಲಿನ ಕಟ್ಟೆಯಲ್ಲಿ ಕೂರಿಸಿದರು. ಸಿನೆಮಾ ನಾನೇ ತೆಗೆದಿದ್ದೇನೋ ಎಂಬಷ್ಟು ಮರ್ಯಾದೆ.

ಕೊನೆಗೆ ಹವಾ ಬಂದಳು. ಎತ್ತರದ ಆಳು, ಕಿತ್ತಳೆ ಬಣ್ಣದ ಶಾಲು. ಎಲ್ಲರಿಗೂ ಸಲಾಂ ಹೇಳಿದಳು, ತಂಗಿಯೊಬ್ಬಳನ್ನು ಬಿಟ್ಟು. ನನ್ನ ಪಕ್ಕ ಬಂದು ಕೂತು ನನ್ನ ಪಾದ ನೋಡಿ ಚ್ಚು ಚ್ಚು ಎಂದಳು.

ಸಿನೆಮಾ ಶುರುವಾಯಿತು. ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ವಿಧವೆ ತಾಯಿ, ಜಮೀನು ನುಂಗುವ ಸಾಹುಕಾರ. ತಾಯಿ ಮೊದಲ ದೃಶ್ಯದಲ್ಲೇ ಕೆಮ್ಮಿದಳು. ನನಗೆ ಮುಂದಿನದೆಲ್ಲ ಗೊತ್ತಾಗಿಹೋಯಿತು. ಮುಂದಿನದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವರು ಅದನ್ನು ಹತ್ತಾರು ಸಲ ನೋಡಿದವರು. ಗೊತ್ತಿದ್ದೂ ನೋಡುವುದು ಹೇಗೆ ಎಂಬುದನ್ನು ನಾನು ಅಂದು ಕಲಿತೆ.

ಅಮೀನಾಳ ಕೈಯಲ್ಲಿ ರಿಮೋಟು. ಟಿವಿಯ ದನಿ ತಗ್ಗಿಸಿ ತಾನು ಮಾತಾಡುತ್ತಾಳೆ, ಹಾಡಿಗೆ ಮತ್ತೆ ಏರಿಸುತ್ತಾಳೆ. ಸಾಹುಕಾರನಿಗೆ ಮೂಗು ಹಿಡಿದು ಗೊಗ್ಗರು ದನಿ, ನಾಯಕಿಗೆ ಎಳೆದೆಳೆದು ನಾಚಿಕೆ, ತಾಯಿಗೆ ಮಾತ್ರ ತನ್ನದೇ ಸ್ವರ. ನಡುವೆ ಕತೆಯಿಂದ ಹೊರಗೆ ಬಂದು "ಈ ಹುಡುಗಿಗೆ ಬುದ್ಧಿ ಎಲ್ಲಿದೆ, ಅವನ ಮೀಸೆ ನೋಡಿಯೂ ಗೊತ್ತಾಗಲ್ವಾ?" ಎಂದು ಬೈಯುತ್ತಾಳೆ. ಹೆಂಗಸರು ಅವಳಿಗೆ ಎದುರು ಹೇಳುತ್ತಾರೆ, ಟಿವಿಗೂ ಎದುರು ಹೇಳುತ್ತಾರೆ. ಸಾಹುಕಾರ ಬಂದಾಗಲೆಲ್ಲ ಒಬ್ಬಳು ಅಜ್ಜಿ ಅವನ ಮೇಲೆ ಅರಳು ಎಸೆಯುತ್ತಿದ್ದಳು. ನೂರಿಯಾ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದಳು. ಹಿಂದಿ ಒಂದು ಕಿವಿಗೆ, ಇಂಗ್ಲಿಷ್ ಇನ್ನೊಂದಕ್ಕೆ, ಒಳಗೆ ಎಲ್ಲ ಕನ್ನಡವಾಗಿ ಸೇರುತ್ತಿತ್ತು.

ನನಗೆ ನೆನಪಾದದ್ದು ಕಳಸದ ಕಡೆಯ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಎರಡು ಸಾಲು ಪದ್ಯ ಹೇಳಿದರೆ ಅರ್ಥಧಾರಿ ಕೂತಲ್ಲಿಂದಲೇ ಕರ್ಣನಾಗಿ ಅರ್ಧ ಗಂಟೆ ಮಾತಾಡುತ್ತಾನೆ. ಅಮೀನಾ ಅಂಥ ಒಳ್ಳೆಯ ಅರ್ಥಧಾರಿ. ಇಷ್ಟು ವರ್ಷ ಈ ಸಿನೆಮಾಗಳನ್ನು ಒಬ್ಬಳೇ ನೋಡಿ ಮೂಗು ಮುರಿದೆನಲ್ಲ, ಇವನ್ನು ನೋಡಬೇಕಾದದ್ದು ಹೀಗೆ, ಹತ್ತು ಜನರ ಭುಜ ತಾಗಿಸಿಕೊಂಡು. ತಾಯಿ ಎರಡನೇ ಸಲ ಕೆಮ್ಮಿದಾಗ ನಾನೂ ಸೆರಗಿನ ತುದಿಗೆ ಕೈಹಾಕಿದೆ. ನನಗೇ ಆಶ್ಚರ್ಯವಾಯಿತು.

ಮೊದಲ ಸುತ್ತು ಕಾಫಿ ಬಂತು. ಇಂಟರ್ವಲ್ಲಿಗೆ ಎರಡನೆಯದು. ಹವಾ ಬಟ್ಟಲು ಮುಗಿಸಿ ಕೆಳಗಿಟ್ಟಳು. ಶಾಲು ಇನ್ನೂ ಸರಿಮಾಡಿಕೊಂಡಿರಲಿಲ್ಲ. ಕೊನೆಯ ದೃಶ್ಯ ಮುಗಿದ ಮೇಲೆಯೇ ಅವಳು ಏಳುವುದು, ಮೂರನೆಯದನ್ನು ಬಗ್ಗಿಸುವ ಮೊದಲು.

ಕೊನೆಯ ದೃಶ್ಯ ಬಂತು. ದೊಡ್ಡ ಮಗ ಪಟ್ಟಣದಿಂದ ಓಡಿಬರುತ್ತಿದ್ದಾನೆ. ಬಿರುಗಾಳಿ, ಸಿಡಿಲು, ಎಲ್ಲ ಇತ್ತು. ಬಾಗಿಲು ದಡಾರನೆ ತೆರೆಯಿತು, ದೀಪ ಆರಿತು. ಒಳಗೆ ತಮ್ಮ ತಲೆ ಎತ್ತಿ, "ಮಾಂ ಚಲೀ ಗಯೀ, ಭೈಯಾ" ಎಂದ. ಅಷ್ಟೆ. ಆಮೇಲೆ ಬರೀ ಪಿಟೀಲು. ಅಣ್ಣನ ಮುಖ, ತಮ್ಮನ ಮುಖ, ಬಾಗಿಲು, ಮತ್ತೆ ಅಣ್ಣನ ಮುಖ.

ಅಮೀನಾ ರಿಮೋಟು ಒತ್ತಿ ಪಿಟೀಲನ್ನು ಪೂರ್ತಿ ನಿಲ್ಲಿಸಿದಳು. ತಮ್ಮನ ದನಿಯಲ್ಲಿ ಮಾತಾಡತೊಡಗಿದಳು. ನೂರಿಯಾ ಪಿಸುಗುಟ್ಟಿದಳು.

"ಅಮ್ಮ ಹೋದಳು. ನಾನು ನಿನಗೆ ಹೇಳಿ ಕಳಿಸಬೇಕಿತ್ತು. ದಿನಾ ಬೆಳಿಗ್ಗೆ ಎದ್ದು, ಇವತ್ತು ಕಳಿಸ್ತೀನಿ ಅಂದುಕೊಳ್ತಿದ್ದೆ. ಅಮ್ಮನೇ ಬೇಡ ಅಂದಳು. ಅಲ್ಲಿ ಹಸಿ ಬಾಣಂತಿ ಇದ್ದಾಳೆ, ಅವಳನ್ನು ಬಿಟ್ಟು ಬಾ ಅಂತ ಹೇಳಿ ಕಳಿಸಬೇಡ, ನಾನು ಏಳ್ತೀನಿ ಅಂದಳು. ಪ್ರತಿ ಸಲ ಎದ್ದಿದ್ದಳಲ್ಲ, ಈ ಸಲವೂ ಏಳ್ತಾಳೆ ಅಂತ ನಂಬಿದೆ. ಬೇಡ ಅಂದವಳು ಆಮೇಲೆ ಬಾಗಿಲು ನೋಡ್ತಾ ಮಲಗಿದ್ದಳು. ಯಾರೇ ಬಂದರೂ ತಲೆ ಎತ್ತಿ ನೋಡ್ತಿದ್ದಳು. ನೀನಲ್ಲ ಅಂತ ಗೊತ್ತಾಗಿ ಮತ್ತೆ..."

ನೂರಿಯಾಳ ದನಿ ಅಲ್ಲಿಗೆ ನಿಂತಿತು. ಅವಳು ಶಾಲಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಸಿನೆಮಾದಲ್ಲಿ ಬಾಣಂತಿ ಯಾರೂ ಇರಲಿಲ್ಲ. ಅಮೀನಾ ನಮ್ಮತ್ತ ನೋಡದೆ, ಟಿವಿಗೇ ಮುಖ ಮಾಡಿ ಇನ್ನೂ ಹೇಳುತ್ತಿದ್ದಳು. ತೆರೆಯ ಮೇಲೆ ತಮ್ಮನ ತುಟಿ ಮುಚ್ಚಿತ್ತು. ಅರಳು ಎಸೆಯುವ ಅಜ್ಜಿ ಅರಳನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ನಾನು ಅತ್ತೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಚೆನ್ನಾಗಿಯೇ ಅತ್ತೆ.

ತೆರೆ ಕಪ್ಪಾಯಿತು. ನೂರಿಯಾ ಮೂರನೆಯ ಸುತ್ತಿಗೆ ಹೂಜಿ ಎತ್ತಿಕೊಂಡಳು. ಹವಾ ಶಾಲು ಸರಿಮಾಡಿಕೊಂಡಳು. ಅವಳು ಎದ್ದು ನಿಂತು, ಏನೆನಿಸಿತೋ, ನನ್ನ ಕಡೆ ತಿರುಗಿ ಒಂದು ಮಾತು ಕೇಳಿದಳು. ನೂರಿಯಾ ಹೂಜಿ ಹಿಡಿದೇ ಇಂಗ್ಲಿಷಿಗೆ ತಿರುಗಿಸಿದಳು.

"ನೀನು ಇಂಡಿಯಾದವಳು. ಆ ಹುಡುಗ ಇದೆಲ್ಲ ಹೇಳಿದನಾ?"

ಎಲ್ಲರೂ ನನ್ನನ್ನೇ ನೋಡಿದರು. ಅಮೀನಾ ನೆಲ ನೋಡುತ್ತಿದ್ದಳು. ನನ್ನ ಜೀವನದಲ್ಲಿ ಹಿಂದಿ ಬಂದದ್ದಕ್ಕೆ ಇಷ್ಟು ಬೆಲೆ ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಆ ಹೆಂಗಸಿನ ಬಾಯಿಂದ ಇಷ್ಟು ವರ್ಷಕ್ಕೆ ಹೊರಬಿದ್ದದ್ದನ್ನು ನಾನೇ ಅಳಿಸಿದಂತೆ.

"ನಮ್ಮ ಊರ ಕಡೆ ಒಂದು ಪದ್ಧತಿ ಇದೆ" ಎಂದೆ. "ಒಬ್ಬರು ಎರಡು ಸಾಲು ಹಾಡ್ತಾರೆ. ಇನ್ನೊಬ್ಬರು ಕೂತು ಅದರ ಅರ್ಥ ಹೇಳ್ತಾರೆ, ಗಂಟೆಗಟ್ಟಲೆ. ಪದ್ಯದಲ್ಲಿ ಇಲ್ಲದ್ದನ್ನೆಲ್ಲ ಹೇಳ್ತಾರೆ. ಅದನ್ನ ಸುಳ್ಳು ಅಂತ ನಾವು ಯಾರೂ ಎದ್ದು ಹೋಗಲ್ಲ. ಕೇಳಲಿಕ್ಕೆ ಅಂತಲೇ ಬಂದಿರ್ತೀವಿ."

ನೂರಿಯಾ ಅದನ್ನು ಹರಾರಿ ಮಾತಿಗೆ ತಿರುಗಿಸಿದಳು. ಹವಾ ನಕ್ಕು, ನೂರಿಯಾಳ ಸಹಾಯವಿಲ್ಲದೆ, ನನಗಿಂತ ಚೆನ್ನಾದ ಹಿಂದಿಯಲ್ಲಿ ಹೇಳಿದಳು. "ಅವನು ಅಮ್ಮ ಹೋದಳು ಅಂದ. ಅಷ್ಟೇ ಅಂದದ್ದು. ನನಗೆ ಹಿಂದಿ ಬರಲ್ಲ ಅಂದುಕೊಂಡೆಯಾ? ಟಾಕೀಸಿನಲ್ಲಿ ಅಮ್ಮನ ಎರಡೂ ಮಗ್ಗುಲಲ್ಲಿ ಒಬ್ಬೊಬ್ಬರು ಕೂತಿದ್ದೆವು."

ಇಷ್ಟು ವರ್ಷವೂ ಪ್ರತಿ ಶುಕ್ರವಾರ ಈಕೆ ಸಿನೆಮಾದ ಮಾತನ್ನೂ ಕೇಳಿಸಿಕೊಂಡಿದ್ದಾಳೆ, ತಂಗಿಯ ಮಾತನ್ನೂ ಕೇಳಿಸಿಕೊಂಡಿದ್ದಾಳೆ.

ಹವಾ ಕಟ್ಟೆಯಿಂದ ಕೆಳಗಿಳಿದಳು. ಬಾಗಿಲ ಕಡೆಗೆ ಹೋಗಲಿಲ್ಲ. ತಗ್ಗಿನ ಕಟ್ಟೆಯಲ್ಲಿ, ಕಿರಿಯರ ಜಾಗದಲ್ಲಿ, ತಂಗಿಯ ಎದುರು ಕೂತಳು. ಹರಾರಿಯಲ್ಲಿ ಒಂದು ಮಾತು ಕೇಳಿದಳು. ನೂರಿಯಾ ನನ್ನ ಕಿವಿಗೆ ಅದೊಂದನ್ನು ಹೇಳಿದಳು.

"ಅಮ್ಮ ನಿಜವಾಗಲೂ ಬಾಗಿಲು ನೋಡ್ತಿದ್ದಳಾ?"

ಅಮೀನಾ ಹೌದೆಂದು ತಲೆಯಾಡಿಸಿದಳು. ಹವಾ ನೂರಿಯಾಳತ್ತ ಕೈ ಚಾಚಿದಳು. ನೂರಿಯಾ ಬಟ್ಟಲಿಗೆ ಮೂರನೆಯದನ್ನು ಹೊಯ್ದು ಕೊಟ್ಟಳು. ಹವಾ ಅದನ್ನು ತಕ್ಷಣ ಕುಡಿಯಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡು ತಂಗಿಯ ಮುಖ ನೋಡಿದಳು. ಆಮೇಲೆ ಅಮೀನಾ ಹೇಳಲು ಶುರುಮಾಡಿದಳು. ಈ ಸಲ ಟಿವಿ ಆರಿತ್ತು. ನೂರಿಯಾ ಅನುವಾದ ಮಾಡಲಿಲ್ಲ, ನಾನು ಮಾಡೆಂದು ಕೇಳಲೂ ಇಲ್ಲ. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬಟ್ಟಲು ಮುಗಿಸಿ ಸದ್ದಿಲ್ಲದೆ ಎದ್ದು ಹೋದರು. ಕಾಲು ಉಳುಕಿದ ನಾನೊಬ್ಬಳು ಎಲ್ಲಿಗೂ ಹೋಗುವಂತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ವ್ಯಾನು ಬಂತು. ನಮ್ಮನೆಯವರು ಬೂಟಿನ ತುಂಬ ಕೆಂಪುಮಣ್ಣು ಮೆತ್ತಿಕೊಂಡು, ಕೈಯಲ್ಲಿ ಫೋನು ಹಿಡಿದು, ಫೋಟೋ ತೋರಿಸುವ ಉತ್ಸಾಹದಲ್ಲಿ ಒಳಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಅಕ್ಕತಂಗಿಯರು ಎದುರುಬದುರು ಕೂತು ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದರು. ಹವಾ ಬೆರಳು ಚುಚ್ಚಿ ಚುಚ್ಚಿ ಬೈಯುತ್ತಿದ್ದಳು. ಅಮೀನಾ ಅಳುತ್ತಲೇ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದಳು. ನಡುವೆ ನೂರಿಯಾ ಹೊಸದಾಗಿ ಬೀಜ ಹುರಿಯಲು ಕೂತಿದ್ದಳು.

"ಎಂತದು ಮಾರಾಯ್ತಿ ಇದು? ಜಗಳನಾ?" ಎಂದರು ನಮ್ಮನೆಯವರು ದನಿ ತಗ್ಗಿಸಿ.

"ಹೂಂ ರೀ" ಎಂದೆ. "ಕಡೆಗೂ ಶುರುವಾಯ್ತು."